ಇಗರ್ಜಿಯ ಬಡ ಕುಟುಂಬಗಳಿಗಾಗಿ ಮ್ಯಾರಥಾನ್: ತೆನೆ ಹಬ್ಬದಿಂದ ಜನವರಿಯವರೆಗಿನ ಸಿದ್ಧತೆ

ಮೊದಲ ಸಲ ಮ್ಯಾರಥಾನ್ ಓಡಲು ಹೊರಟಾಗ ನಾನು ನಮ್ಮ ಇಗರ್ಜಿಯ ವಾಳೆಗಳಲ್ಲಿ (ಇಗರ್ಜಿಗೆ ಸೇರಿದ ಮನೆಗಳ ವಾರ್ಡುಗಳಲ್ಲಿ) ಮನೆಮನೆಗೆ ಹೋಗಿ, ಓಟ ಮುಗಿಸಿದರೆ ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ಬರೆಸಿಕೊಂಡು ಬಂದಿದ್ದೆ. ಡಿಸೆಂಬರ್ ನಡುವಿನಲ್ಲಿ ಬಲಗಾಲಿನ ಮೊಣಕಾಲ ಕೆಳಗಿನ ಎಲುಬು ನೋಯಲು ಆರಂಭಿಸಿತು. ಓಟ ನಿಲ್ಲಿಸಿದರೆ ಆ ಹಣ ಬರುವುದಿಲ್ಲ, ಹಣ ಬರದಿದ್ದರೆ ಡಯಾಲಿಸಿಸ್‌ಗೆ ಹೋಗುವ ಇಬ್ಬರ ಖರ್ಚಿಗೆ ನಾವು ಒಪ್ಪಿಕೊಂಡ ಪಾಲು ಸಿಗುವುದಿಲ್ಲ ಎಂಬ ಲೆಕ್ಕದಲ್ಲಿ ನೋವನ್ನು ಯಾರಿಗೂ ಹೇಳದೆ ಓಡಿದೆ. ಮುಗಿಸಿದ್ದು ನಿಜ, ಆದರೆ ಮುಂದಿನ ಮೂರು ತಿಂಗಳು ಇಗರ್ಜಿಯ ಬಲಿಪೂಜೆಯಲ್ಲಿ (ಮಾಸ್) ಮೊಣಕಾಲೂರಲು ಆಗಲಿಲ್ಲ. ಆಮೇಲೆ ಒಬ್ಬೊಬ್ಬರನ್ನಾಗಿ ಕೇಳಿದಾಗ, ನಾನು ಓಡದೇ ಇದ್ದಿದ್ದರೂ ಅವರೆಲ್ಲ ಅಷ್ಟೇ ಹಣ ಕೊಡುವವರಿದ್ದರು ಎಂದು ತಿಳಿಯಿತು. ಆದ್ದರಿಂದ ಈ ಬರಹದ ಮೊದಲ ಸೂಚನೆ ಇದು: ದೇಣಿಗೆಯನ್ನು ಓಟದ ಮುಕ್ತಾಯಕ್ಕೆ ಕಟ್ಟಬೇಡಿ, ಸಿದ್ಧತೆಗೆ ಕಟ್ಟಿರಿ. ನೀವು ವಾರವಾರವೂ ಓಡುತ್ತಿರುವುದನ್ನು ಜನ ನೋಡಲಿ, ವಾರವಾರವೂ ಸ್ವಲ್ಪ ಕೊಡಲಿ. ಜನವರಿಯ ಆ ಭಾನುವಾರ ಬರುವ ಹೊತ್ತಿಗೆ ಹಣ ಇಗರ್ಜಿಯ ಖಾತೆಯಲ್ಲಿ ಸೇರಿರಬೇಕು, ನೀವು ಬರೀ ಕಾಲುಗಳ ಚಿಂತೆ ಮಾಡಿಕೊಂಡು ಓಡುವಂತಿರಬೇಕು.

ಇಲ್ಲಿ ಹೇಳುವುದೆಲ್ಲ ಕರಾವಳಿಯ ಕೆಥೋಲಿಕ್ ಧರ್ಮಕೇಂದ್ರವೊಂದರಿಂದ, ಅಂದರೆ ಒಂದು ಇಗರ್ಜಿಗೆ ಸೇರಿದ ಕುಟುಂಬಗಳ ಸಮುದಾಯದಿಂದ, ಟಾಟಾ ಮುಂಬೈ ಮ್ಯಾರಥಾನಿಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. 2004ರಲ್ಲಿ ಆರಂಭವಾದ ಈ ಓಟ ಜನವರಿಯ ಮೂರನೆಯ ಭಾನುವಾರ ನಡೆಯುತ್ತದೆ. ನಮ್ಮ ಕಡೆಯವರಿಗೆ ಇದು ಎರಡು ಕಾರಣಗಳಿಂದ ಅನುಕೂಲ. ಮುಂಬೈಯ ತೇವದ ಹವೆ ಮಂಗಳೂರು, ಉಡುಪಿಯವರ ದೇಹಕ್ಕೆ ಹೊಸದಲ್ಲ, ಮತ್ತು ಆ ನಗರದಲ್ಲಿ ರಾತ್ರಿ ತಂಗಲು ಒಂದಲ್ಲ ಒಂದು ನೆಂಟರ ಮನೆ ಇದ್ದೇ ಇರುತ್ತದೆ. ಸೆಪ್ಟೆಂಬರ್ 8ರ ತೆನೆ ಹಬ್ಬದಿಂದ (ಮಾತೆ ಮರಿಯಮ್ಮನವರ ಹುಟ್ಟುಹಬ್ಬ) ಓಟದ ದಿನಕ್ಕೆ 18ರಿಂದ 19 ವಾರ ಸಿಗುತ್ತದೆ. ನಿಲ್ಲಿಸದೆ 10 ಕಿಲೋಮೀಟರ್ ಓಡಬಲ್ಲವರಿಗೆ ಈ ಅವಧಿ ಸರಿಯಾಗಿ ಸಾಕು. ಅಷ್ಟು ಓಡಲಾಗದವರು ಮಳೆಗಾಲದ ಮೂರು ತಿಂಗಳನ್ನು ಅದಕ್ಕಾಗಿಯೇ ಇಟ್ಟುಕೊಳ್ಳಬೇಕು, ಇಲ್ಲವೇ ಆ ವರ್ಷ ಅರ್ಧ ಮ್ಯಾರಥಾನಿಗೆ ತೃಪ್ತರಾಗಬೇಕು. ಓಟದ ನೋಂದಣಿ ತೆನೆ ಹಬ್ಬಕ್ಕಿಂತ ಮೊದಲೇ ತೆರೆಯುವುದರಿಂದ, ಆ ವರ್ಷದ ಅರ್ಹತೆಯ ನಿಯಮಗಳನ್ನು ಮಳೆಗಾಲದಲ್ಲೇ ಓದಿಕೊಳ್ಳುವುದು ಅಗತ್ಯ.

ಅನುಮತಿ ಮತ್ತು ಖಾತೆ

ಓಟದ ಅಭ್ಯಾಸಕ್ಕಿಂತ ಮೊದಲು ಮುಗಿಸಬೇಕಾದ ಕೆಲಸ ಪ್ರಧಾನ ಧರ್ಮಗುರುಗಳ ಭೇಟಿ. ಒಳ್ಳೆಯ ಕೆಲಸಕ್ಕೆ ಅನುಮತಿ ಯಾಕೆ ಎಂದು ಕೆಲವರು ಕೇಳುತ್ತಾರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1265ನೆಯ ನಿಯಮದ ಪ್ರಕಾರ, ಖಾಸಗಿ ವ್ಯಕ್ತಿಗಳು ಇಗರ್ಜಿಯ ಸಂಸ್ಥೆಗಾಗಲಿ ಉದ್ದೇಶಕ್ಕಾಗಲಿ ಜನರಲ್ಲಿ ಹಣ ಬೇಡಬೇಕಾದರೆ ಧರ್ಮಾಧ್ಯಕ್ಷರ (ಬಿಷಪರ) ಲಿಖಿತ ಒಪ್ಪಿಗೆ ಬೇಕು. ಧರ್ಮಗುರುಗಳಿಗೆ ಒಂದು ಪುಟದ ಪತ್ರ ಕೊಟ್ಟರೆ ಅವರು ಅದನ್ನು ಮುಂದಕ್ಕೆ ಕಳುಹಿಸುತ್ತಾರೆ. ಪತ್ರದಲ್ಲಿ ಹಣ ಯಾವುದಕ್ಕೆ, ಎಷ್ಟು, ಯಾವಾಗ ಆರಂಭಿಸಿ ಯಾವಾಗ ನಿಲ್ಲಿಸುತ್ತೀರಿ, ಯಾರು ಲೆಕ್ಕ ನೋಡುತ್ತಾರೆ ಎಂಬ ನಾಲ್ಕು ವಿಷಯಗಳು ಸ್ಪಷ್ಟವಾಗಿರಲಿ. ಅದೇ ಸಂಹಿತೆಯ 1267ನೆಯ ನಿಯಮ ಇನ್ನೊಂದು ಮಾತನ್ನು ಹೇಳುತ್ತದೆ: ನಿರ್ದಿಷ್ಟ ಉದ್ದೇಶಕ್ಕೆಂದು ಭಕ್ತರು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ಆದ್ದರಿಂದ ಉದ್ದೇಶವನ್ನು ಬರೆಯುವಾಗ ಜಾಗ್ರತೆ ಬೇಕು. ‘ಇಗರ್ಜಿಯ ಅಭಿವೃದ್ಧಿಗಾಗಿ’ ಎಂದು ಬರೆದರೆ ಅದು ಗೋಪುರದ ಬಣ್ಣವೂ ಆಗಬಹುದು, ಧ್ವನಿವರ್ಧಕವೂ ಆಗಬಹುದು. ‘ನಮ್ಮ ಧರ್ಮಕೇಂದ್ರದ ಕುಟುಂಬಗಳ ವೈದ್ಯಕೀಯ ವೆಚ್ಚಕ್ಕೆ, ಮಿಕ್ಕಿದ್ದು ಅದೇ ಕುಟುಂಬಗಳ ಮಕ್ಕಳ ಶಾಲಾ ಶುಲ್ಕಕ್ಕೆ’ ಎಂದು ಬರೆದರೆ ಕೊಡುವವರಿಗೂ ಖರ್ಚು ಮಾಡುವವರಿಗೂ ಗೊಂದಲ ಉಳಿಯುವುದಿಲ್ಲ. ಯಾವ ಕುಟುಂಬಕ್ಕೆ ಎಷ್ಟು ಎಂಬುದನ್ನು ನೀವು ನಿರ್ಧರಿಸಬೇಡಿ; ಬಡವರಿಗೆ ನೆರವಾಗುವ ಸೈಂಟ್ ವಿನ್ಸೆಂಟ್ ಡಿ ಪಾವ್ಲ್ ಸಭೆ ನಿಮ್ಮ ಧರ್ಮಕೇಂದ್ರದಲ್ಲಿದ್ದರೆ ಮನೆಗಳ ಸ್ಥಿತಿ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನೆರವು ಪಡೆಯುವವರ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ಹಣ ಕೇಳಲು ಬಳಸಬಾರದು. ನಾಳೆ ಅವರೂ ನಾವೂ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವವರು.

ಹಣವನ್ನು ನಿಮ್ಮ ಸ್ವಂತ ಖಾತೆಗೆ, ನಿಮ್ಮ ಸ್ವಂತ ಫೋನಿನ ಯುಪಿಐಗೆ ಒಂದು ರೂಪಾಯಿಯಷ್ಟೂ ಪಡೆಯಬೇಡಿ. ನಿಮ್ಮ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಸಂಶಯವಿಲ್ಲದಿದ್ದರೂ, ಸ್ವಂತ ಹಣ ಮತ್ತು ಜನರ ಹಣ ಒಂದೇ ಪಾಸ್‌ಪುಸ್ತಕದಲ್ಲಿ ಬೆರೆತ ಮೇಲೆ ಅದನ್ನು ಬೇರ್ಪಡಿಸಿ ತೋರಿಸುವುದು ಕಷ್ಟ. ಇಗರ್ಜಿಯ ಖಾತೆಯ ಕ್ಯೂಆರ್ ಸಂಕೇತ, ಇಗರ್ಜಿಯ ರಸೀದಿ ಪುಸ್ತಕ, ನಗದಾದರೆ ಅದೇ ದಿನ ಕಚೇರಿಗೆ ಜಮೆ ಎಂಬ ಪದ್ಧತಿ ಇರಲಿ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕೆಂಬುದು ಧರ್ಮಸಭೆಯ ನಿಯಮವಾದ್ದರಿಂದ, ತಿಂಗಳಿಗೊಮ್ಮೆ ಲೆಕ್ಕವನ್ನು ಆ ಸಮಿತಿಯ ಮುಂದಿಡಿ.

ತೆರಿಗೆ ರಿಯಾಯಿತಿಯ ಬಗ್ಗೆ ಜನ ಖಂಡಿತ ಕೇಳುತ್ತಾರೆ. 80ಜಿ ಎಂದು ಎಲ್ಲರೂ ಕರೆಯುವ ಆ ರಿಯಾಯಿತಿ, ಒಂದು ನಿರ್ದಿಷ್ಟ ಧಾರ್ಮಿಕ ಸಮುದಾಯದ ಪ್ರಯೋಜನಕ್ಕೆಂದೇ ಇರುವ ನಿಧಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಸಿಗುತ್ತದೆ ಎಂದು ಬಾಯಿಮಾತಿನಲ್ಲಿ ಭರವಸೆ ಕೊಟ್ಟು ಆಮೇಲೆ ತಲೆತಗ್ಗಿಸುವುದು ಬೇಡ. ಮುಂಬೈ ಓಟದ ಅಧಿಕೃತ ದೇಣಿಗೆ ಸಂಗ್ರಹ ಯುನೈಟೆಡ್ ವೇ ಮುಂಬೈ ಮೂಲಕ, ಅಲ್ಲಿ ನೋಂದಾಯಿಸಿಕೊಂಡ ಸ್ವಯಂಸೇವಾ ಸಂಸ್ಥೆಗಳಿಗಾಗಿ ನಡೆಯುತ್ತದೆ. ನಿಮ್ಮದು ಅದಕ್ಕೆ ಸಂಬಂಧಿಸದ, ಊರಿನೊಳಗಿನ ಸಂಗ್ರಹ ಎಂಬುದನ್ನೂ ಜನರಿಗೆ ಬಿಡಿಸಿ ಹೇಳಬೇಕು.

ಇನ್ನು ಹೊರದೇಶದ ನೆಂಟರ ವಿಷಯ. ನಮ್ಮ ಕರಾವಳಿಯ ಯಾವ ಇಗರ್ಜಿಯಲ್ಲಿ ಹಣ ಕೂಡಿಸಿದರೂ ದುಬೈ, ಕುವೈತ್, ಟೊರೊಂಟೊದಿಂದ ‘ನಮ್ಮ ಪಾಲು ಎಲ್ಲಿಗೆ ಕಳುಹಿಸಲಿ’ ಎಂಬ ಸಂದೇಶ ಬರುತ್ತದೆ, ಮತ್ತು ಒಳ್ಳೆಯ ಮನಸ್ಸಿನ ಜನ ತಪ್ಪು ಮಾಡುವುದು ಇಲ್ಲಿಯೇ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ದೃಷ್ಟಿಯಲ್ಲಿ, ಭಾರತದ ಪಾಸ್‌ಪೋರ್ಟ್ ಇರುವವರು ಹೊರದೇಶದಲ್ಲಿ ದುಡಿದ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಅವರು ನಮ್ಮದೇ ಇಗರ್ಜಿಯಲ್ಲಿ ಜ್ಞಾನಸ್ನಾನ ಪಡೆದವರಾದರೂ, ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಚೀಟಿ) ಹೊಂದಿದವರಾದರೂ, ಕೊಡುವ ಹಣ ವಿದೇಶಿ ವಂತಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಮತ್ತು ಹಣ ನವದೆಹಲಿಯ ಭಾರತೀಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ನಿಗದಿತ ಖಾತೆಗೇ ಬರಬೇಕು. ಹೀಗಾಗಿ ಗಲ್ಫಿನಲ್ಲಿರುವ ತಮ್ಮನ ದೇಣಿಗೆಯನ್ನು ಪಡೆಯಬಹುದು, ಕೆನಡಾದ ಪ್ರಜೆಯಾದ ಅಕ್ಕನ ದೇಣಿಗೆಯನ್ನು ಊರಿನ ಸಾಮಾನ್ಯ ಖಾತೆಗೆ ಪಡೆಯಲಾಗದು ಎಂಬ ಸನ್ನಿವೇಶ ಒಂದೇ ಮನೆಯಲ್ಲಿ ಬರಬಹುದು. ಅಕ್ಕನ ಹಣವನ್ನು ತಮ್ಮನ ಹೆಸರಿನಲ್ಲಿ ದಾಟಿಸುವ ಉಪಾಯವನ್ನು ಯಾರಾದರೂ ಸೂಚಿಸಿದರೆ ನಯವಾಗಿ ನಿರಾಕರಿಸಿ. ಅದರಿಂದ ತೊಂದರೆಗೆ ಸಿಲುಕುವುದು ಇಗರ್ಜಿಯ ಖಾತೆ.

ಕಿಲೋಮೀಟರಿಗೊಂದು ಮನೆ

ಹಣ ಕೂಡಿಸುವ ವಿಧಾನಗಳಲ್ಲಿ ನನಗೆ ಸರಿ ಕಂಡದ್ದು, 42 ಕಿಲೋಮೀಟರುಗಳನ್ನು ವಾಳೆಗಳಿಗೆ ಹಂಚುವುದು. ಏಳು ವಾಳೆಗಳಿದ್ದರೆ ಒಂದೊಂದಕ್ಕೆ ಆರು ಕಿಲೋಮೀಟರ್. ವಾಳೆಯ ಗುರಿಕಾರರು ತಮ್ಮ ಸಭೆಯಲ್ಲಿ, ಯಾವ ಮನೆ ಯಾವ ಕಿಲೋಮೀಟರನ್ನು ವಹಿಸಿಕೊಳ್ಳುತ್ತದೆ ಎಂದು ಬರೆದುಕೊಳ್ಳುತ್ತಾರೆ. ಒಂದು ಕಿಲೋಮೀಟರಿಗೆ ಇಷ್ಟೇ ಎಂಬ ದರ ಬೇಡ, ಒಂದು ಕಿಲೋಮೀಟರನ್ನು ಎರಡು ಮೂರು ಮನೆಗಳು ಸೇರಿ ವಹಿಸಿಕೊಂಡರೂ ಆಗಬಹುದು. ಉಳಿದ 195 ಮೀಟರನ್ನು ಧರ್ಮೋಪದೇಶ ತರಗತಿಯ ಮಕ್ಕಳಿಗೆ ಬಿಡಿ. ಮನೆಗಳು ಒಂದೇ ಸಲ ದೊಡ್ಡ ಮೊತ್ತ ಕೊಡುವುದರ ಬದಲು, ಸೆಪ್ಟೆಂಬರಿನಿಂದ ಜನವರಿವರೆಗೆ ತಿಂಗಳಿಗಿಷ್ಟು ಕೊಡುವಂತಾದರೆ ದಿನಗೂಲಿಯ ಮನೆಗೂ ಹೊರೆಯಾಗುವುದಿಲ್ಲ.

ನಾನು ಎರಡನೆಯ ಸಲ ಇಟ್ಟುಕೊಂಡದ್ದು 200 ಪುಟಗಳ ಒಂದು ಸಾಮಾನ್ಯ ನೋಟ್‌ಪುಸ್ತಕ. ಎಡಪುಟದಲ್ಲಿ ಆ ವಾರ ಓಡಿದ ದೂರ, ಬಲಪುಟದಲ್ಲಿ ಆ ವಾರ ಕಚೇರಿಗೆ ಜಮೆಯಾದ ಮೊತ್ತ ಮತ್ತು ರಸೀದಿಯ ಸಂಖ್ಯೆ. ಕೊಟ್ಟವರ ಹೆಸರು ಅದರಲ್ಲಿರಲಿಲ್ಲ. ಭಾನುವಾರದ ಎರಡೂ ಬಲಿಪೂಜೆಗಳ ಹೊತ್ತಿಗೆ ಅದು ಇಗರ್ಜಿಯ ಹಿಂಬಾಗಿಲ ಬಳಿ, ತೀರ್ಥದ ಬಟ್ಟಲಿನ ಪಕ್ಕದ ಮೇಜಿನ ಮೇಲೆ ಇರುತ್ತಿತ್ತು. ಅಕ್ಟೋಬರಿನ ಎರಡನೆಯ ವಾರ ಜ್ವರದಿಂದಾಗಿ ಎಡಪುಟದಲ್ಲಿ ಸೊನ್ನೆ ಬರೆಯಬೇಕಾಯಿತು. ಬಲಪುಟದ ಮೊತ್ತ ಆ ವಾರವೂ ಕಡಿಮೆಯಾಗಲಿಲ್ಲ. ಸೊನ್ನೆಯ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಈಗ ಹೇಗಿದ್ದೀರಿ?’ ಎಂದು ಬರೆದಿದ್ದರು. ಓಡಿದ್ದನ್ನೂ ಓಡದ್ದನ್ನೂ ಹಾಗೆಯೇ ಬರೆಯುವ ಪುಸ್ತಕವೊಂದಿದ್ದರೆ, ಗಾಯವಾದಾಗ ಮುಚ್ಚಿಡುವ ಅಗತ್ಯವೇ ಬೀಳುವುದಿಲ್ಲ.

ನಿಮ್ಮ ಓಟದ ಶುಲ್ಕ, ಬೂಟು, ರೈಲಿನ ಟಿಕೆಟ್ ಇವುಗಳಲ್ಲಿ ಯಾವುದನ್ನೂ ಈ ನಿಧಿಯಿಂದ ತೆಗೆಯಬಾರದು. ಬಲಿಪೂಜೆಯ ಕೊನೆಯಲ್ಲಿ ಮೊದಲ ಪ್ರಕಟಣೆ ಮಾಡುವಾಗಲೇ ಇದನ್ನು ಹೇಳಿಬಿಡಿ, ಮತ್ತು ಆ ಪ್ರಕಟಣೆ ಎರಡು ನಿಮಿಷ ಮೀರದಿರಲಿ. ಡಿಸೆಂಬರಿನಲ್ಲಿ ಸ್ತ್ರೀ ಸಂಘಟನೆಯವರು ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡಿ ಮಾರಿ ಒಂದು ಪಾಲನ್ನು ಸೇರಿಸಲು ಮುಂದೆ ಬಂದರೆ ಸಂತೋಷದಿಂದ ಒಪ್ಪಿಕೊಳ್ಳಿ.

ಶನಿವಾರದ ದೀರ್ಘ ಓಟ

ಮ್ಯಾರಥಾನ್ ಸಿದ್ಧತೆಯ ಬೆನ್ನೆಲುಬು ವಾರಕ್ಕೊಂದು ದೀರ್ಘ ಓಟ. ಹೆಚ್ಚಿನ ಓಟಗಾರರು ಅದನ್ನು ಭಾನುವಾರ ಇಟ್ಟುಕೊಳ್ಳುತ್ತಾರೆ. ಇಗರ್ಜಿಗಾಗಿ ಓಡುತ್ತೇನೆಂದು ಹೊರಟವರು ಮೂರು ತಿಂಗಳು ಭಾನುವಾರದ ಬಲಿಪೂಜೆಗೆ ಕಾಣಿಸಿಕೊಳ್ಳದಿದ್ದರೆ ಅದಕ್ಕೆ ಅರ್ಥವಿಲ್ಲ. ಆದ್ದರಿಂದ ಶನಿವಾರ ನಸುಕಿನ ನಾಲ್ಕೂವರೆಗೆ ಹೊರಡಿ, ಭಾನುವಾರ ವಿಶ್ರಾಂತಿ ಇರಲಿ. ವಾರದ ಉಳಿದ ದಿನಗಳಲ್ಲಿ ಮೂರು ದಿನ 6ರಿಂದ 10 ಕಿಲೋಮೀಟರ್ ಸಾಕು; ಒಂದು ದಿನ ಕಾಲು, ಸೊಂಟ, ಹೊಟ್ಟೆಯ ಸ್ನಾಯುಗಳಿಗೆ ಅರ್ಧ ಗಂಟೆಯ ವ್ಯಾಯಾಮ ಮಾಡಿ.

ದೀರ್ಘ ಓಟದ ದೂರವನ್ನು ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸುವ ಕ್ರಮದಲ್ಲಿ ಬೆಳೆಸಬೇಕು. ತೆನೆ ಹಬ್ಬದ ನಂತರದ ಶನಿವಾರ 12 ಕಿಲೋಮೀಟರ್, ಆಮೇಲೆ 14, 16, ಮತ್ತೆ 12. ಅಕ್ಟೋಬರಿನಲ್ಲಿ 18, 20, 21, ಮತ್ತೆ 15. ನವೆಂಬರಿನಲ್ಲಿ 23, 25, 27, ಮತ್ತೆ 18. ಡಿಸೆಂಬರಿನಲ್ಲಿ 29, ಒಂದು ವಾರ 22, ಕ್ರಿಸ್ಮಸ್ಸಿಗೆ ಮುಂಚಿನ ಶನಿವಾರ 32. ಇದಕ್ಕಿಂತ ಹೆಚ್ಚು ದೂರವನ್ನು ಅಭ್ಯಾಸದಲ್ಲಿ ಓಡುವ ಅಗತ್ಯವಿಲ್ಲ. ಅದರಿಂದ ಸಿಗುವ ಲಾಭಕ್ಕಿಂತ ಚೇತರಿಕೆಗೆ ಬೇಕಾಗುವ ದಿನಗಳೇ ಹೆಚ್ಚು. ಕ್ರಿಸ್ಮಸ್ ಕಳೆದ ಮೇಲೆ 24, 16, 10 ಎಂದು ಇಳಿಸುತ್ತ ಬಂದರೆ ಕಾಲುಗಳು ತಾಜಾ ಆಗಿ ಓಟದ ದಿನ ತಲುಪುತ್ತವೆ. ಈ ಇಳಿಕೆಯ ಮೂರು ವಾರಗಳಲ್ಲಿ ಅಭ್ಯಾಸ ಕಡಿಮೆಯಾಯಿತೆಂಬ ಆತಂಕ ಎಲ್ಲರಿಗೂ ಬರುತ್ತದೆ, ಬಂದರೂ ದೂರವನ್ನು ಏರಿಸಬೇಡಿ.

ವೇಗದ ಬಗ್ಗೆ ಹೊಸಬರು ಮಾಡುವ ತಪ್ಪು ಒಂದೇ: ದೀರ್ಘ ಓಟವನ್ನು ಅತಿ ಜೋರಾಗಿ ಓಡುವುದು. ನನ್ನ ಅಳತೆಗೋಲು ಗಡಿಯಾರವಲ್ಲ, ಜಪಸರ. ಜಪಸರದಲ್ಲಿ ಮತ್ತೆ ಮತ್ತೆ ಹೇಳುವ ‘ನಮಾನ್ ಮರಿಯೆ’ ಪ್ರಾರ್ಥನೆಯನ್ನು ನಡುವೆ ಉಸಿರು ಕತ್ತರಿಸದೆ, ಗಟ್ಟಿಯಾಗಿ, ಇಗರ್ಜಿಯಲ್ಲಿ ಹೇಳುವ ಲಯದಲ್ಲಿ ಹೇಳಲು ಸಾಧ್ಯವಾದರೆ ವೇಗ ಸರಿಯಾಗಿದೆ. ಅದರ ಎರಡನೆಯ ಭಾಗವಾದ ‘ಪವಿತ್ರ ಮರಿಯೆ’ಗೆ ಬರುವಷ್ಟರಲ್ಲಿ ಮೂರು ಸಲ ಉಸಿರೆಳೆದುಕೊಳ್ಳಬೇಕಾದರೆ ಹೆಜ್ಜೆ ನಿಧಾನಿಸಬೇಕು. ಅಕ್ಟೋಬರ್ ಜಪಸರದ ತಿಂಗಳಾದ್ದರಿಂದ ಈ ಅಭ್ಯಾಸಕ್ಕೆ ಒಳ್ಳೆಯ ಆರಂಭವೂ ಸಿಗುತ್ತದೆ. ಐದು ಗಂಟೆಯಲ್ಲಿ ಮುಗಿಸಬೇಕೆನ್ನುವವರು ಓಟದ ದಿನ ಕಿಲೋಮೀಟರಿಗೆ ಸುಮಾರು 7 ನಿಮಿಷ 6 ಸೆಕೆಂಡಿನಲ್ಲಿ ಸಾಗಬೇಕು. ಅಭ್ಯಾಸದ ದೀರ್ಘ ಓಟ ಅದಕ್ಕಿಂತ ನಿಧಾನವಾಗಿದ್ದರೆ ಏನೂ ನಷ್ಟವಿಲ್ಲ.

ಜಾಗದ ಆಯ್ಕೆಯೂ ಮುಖ್ಯ. ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಕತ್ತಲಲ್ಲಿ ಓಡುವುದು ಅಪಾಯ. ಒಳದಾರಿಗಳಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಬೆಳಕು ಪ್ರತಿಫಲಿಸುವ ಅಂಗಿ ತೊಟ್ಟು ಓಡಿ. ಕಡಲತೀರದ ಮರಳು ಕಣ್ಣಿಗೆ ಚೆಂದ, ಆದರೆ ಅದರ ಓರೆಯಲ್ಲಿ ಗಂಟೆಗಟ್ಟಲೆ ಓಡಿದರೆ ಒಂದು ಕಾಲಿನ ಮೇಲೆ ಭಾರ ಹೆಚ್ಚು ಬೀಳುತ್ತದೆ. ಬೂಟುಗಳು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಸವೆಯುವುದರಿಂದ, ನವೆಂಬರಿನಲ್ಲಿ ಎರಡನೆಯ ಜೊತೆಯನ್ನು ತೆಗೆದುಕೊಂಡು ಓಟಕ್ಕೆ ಮೊದಲೇ ಪಳಗಿಸಿಕೊಳ್ಳಿ. ತೊಡೆಯ ಸಂದಿಗೆ, ಕಂಕುಳಿಗೆ ವ್ಯಾಸಲೀನ್ ಹಚ್ಚದೆ ಕರಾವಳಿಯ ಬೆವರಿನಲ್ಲಿ 20 ಕಿಲೋಮೀಟರ್ ದಾಟಬೇಡಿ.

ನೀರಿನ ಲೆಕ್ಕವನ್ನು ಪ್ರತಿಯೊಬ್ಬರೂ ಸ್ವತಃ ಕಂಡುಕೊಳ್ಳಬೇಕು. ಓಟಕ್ಕೆ ಮೊದಲು ಮತ್ತು ಓಟದ ನಂತರ, ಒದ್ದೆ ಬಟ್ಟೆ ತೆಗೆದು, ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಎಂದರ್ಥ. ತೂಕ ಏರಿದ್ದರೆ ನೀವು ಅಗತ್ಯಕ್ಕಿಂತ ಹೆಚ್ಚು ನೀರು ಕುಡಿದಿದ್ದೀರಿ. ಅದು ಕಡಿಮೆ ಕುಡಿಯುವುದಕ್ಕಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು, ಏಕೆಂದರೆ ರಕ್ತದ ಸೋಡಿಯಂ ಇಳಿಯುತ್ತದೆ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದ ಅಳತೆಯ ನೀರಿನಲ್ಲೇ ಕಲಸಿ, ಗಟ್ಟಿಯಾಗಿಯೂ ತೆಳ್ಳಗೂ ಮಾಡಬೇಡಿ. ದೇಹ ಇಂಧನವಾಗಿ ಸಂಗ್ರಹಿಸಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, 30 ಕಿಲೋಮೀಟರಿನ ಆಸುಪಾಸಿನಲ್ಲಿ ತೀರುತ್ತ ಬರುವುದರಿಂದ, ಮೊದಲ ಗಂಟೆಯಿಂದಲೇ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ತಿನ್ನುತ್ತ ಹೋಗಬೇಕು. ಮಧ್ಯಮ ಗಾತ್ರದ ಬಾಳೆಹಣ್ಣೊಂದರಲ್ಲಿ ಸುಮಾರು 25 ಗ್ರಾಂ ಇದೆ. ಖರ್ಜೂರ, ಬೆಲ್ಲದ ತುಂಡು, ಜೆಲ್ ಯಾವುದಾದರೂ ಆಗಬಹುದು. ಆದರೆ ಅಭ್ಯಾಸದಲ್ಲಿ ತಿಂದು ನೋಡದ ಯಾವುದನ್ನೂ ಓಟದ ದಿನ ಬಾಯಿಗೆ ಹಾಕಬಾರದು. ಮನೆಗೆ ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಜೊತೆಗೆ ಒಂದೆರಡು ಮೊಟ್ಟೆ ಅಥವಾ ಮೀನು ಇದ್ದರೆ ಅದಕ್ಕಿಂತ ಹೆಚ್ಚಿನದೇನೂ ಬೇಡ.

ಆರಂಭಿಸುವ ಮೊದಲು, ವಿಶೇಷವಾಗಿ 40 ದಾಟಿದವರು, ರಕ್ತದೊತ್ತಡ, ಸಕ್ಕರೆ, ಹೃದಯದ ತಪಾಸಣೆ ಮಾಡಿಸಿಕೊಳ್ಳಬೇಕು. ಓಡುವಾಗ ಎದೆ ಬಿಗಿಯುವುದು, ತಲೆ ಸುತ್ತುವುದು ಆದರೆ ಅಲ್ಲಿಯೇ ನಿಲ್ಲಬೇಕು. ಸ್ನಾಯುವಿನ ನೋವು ಎರಡೂ ಕಾಲಿನಲ್ಲಿ ಸಮನಾಗಿದ್ದು ಎರಡು ದಿನಕ್ಕೆ ಇಳಿದರೆ ಚಿಂತೆಯಿಲ್ಲ. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು, ನಡೆಯುವ ರೀತಿಯನ್ನೇ ಬದಲಿಸುವ ನೋವು ಇದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ, ನೋಟ್‌ಪುಸ್ತಕದಲ್ಲಿ ಸೊನ್ನೆ ಬರೆಯಿರಿ. ಓಟದ ದಿನ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿ ಹೊರಡುವುದು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ಡಯಾಲಿಸಿಸ್ ರೋಗಿಗಳಿಗಾಗಿ ಹಣ ಕೂಡಿಸುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕ್ರಿಸ್ಮಸ್, ಮುಂಬೈ, ಆಮೇಲೆ

ಕ್ರಿಸ್ಮಸ್ ವಾರದಲ್ಲಿ ಓಟದ ಪಟ್ಟಿಯನ್ನು ಸ್ವಲ್ಪ ಸಡಿಲಿಸಿ. 24ರ ರಾತ್ರಿಯ ಬಲಿಪೂಜೆ ಮುಗಿಸಿ ಮನೆ ಸೇರುವಾಗ ನಡುರಾತ್ರಿ ಕಳೆದಿರುತ್ತದೆ, ಮರುದಿನ ಓಡುವ ಮಾತೇ ಬೇಡ. ಕುಸ್ವಾರಿನ ನೆವ್ರಿ, ಕಿಡಿಯೊ, ಗುಳಿಯೊ ತಿನ್ನಬಾರದೆಂದು ನಾನು ಹೇಳುವುದಿಲ್ಲ. ವಾರಕ್ಕೆ 50 ಕಿಲೋಮೀಟರಿಗಿಂತ ಹೆಚ್ಚು ಓಡಿದ ದೇಹ ಅದನ್ನು ತಡೆದುಕೊಳ್ಳುತ್ತದೆ. ನಿದ್ದೆಗೆಟ್ಟು ನೆಗಡಿ ತಂದುಕೊಳ್ಳುವುದೇ ಆ ವಾರದ ನಿಜವಾದ ಅಪಾಯ.

ಮಂಗಳೂರಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ಗುರುವಾರ ರಾತ್ರಿಯ ಪ್ರಯಾಣ ಇಟ್ಟುಕೊಂಡರೆ ಶುಕ್ರವಾರ ಬಿಬ್ (ಎದೆಗೆ ಸಿಕ್ಕಿಸುವ ಓಟಗಾರರ ಸಂಖ್ಯೆ) ಪಡೆದು, ಶನಿವಾರ ಪೂರ್ತಿ ಕಾಲು ಚಾಚಿ ಮಲಗಬಹುದು. ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುವುದರಿಂದ ನವೆಂಬರ್ ನಡುವಿನಲ್ಲೇ ಎಚ್ಚರವಿರಲಿ. ಕೊನೆಯ ಎರಡು ಮೂರು ದಿನ ಅನ್ನದ ಪಾಲು ಹೆಚ್ಚಿಸಿ, ಎಣ್ಣೆ ಮತ್ತು ಸೊಪ್ಪಿನ ಪಾಲು ಇಳಿಸಿ. ಶನಿವಾರ ಸಂಜೆ ನೆಂಟರ ಮನೆಯ ಹತ್ತಿರದ ಇಗರ್ಜಿಯಲ್ಲಿ ಬಲಿಪೂಜೆಗೆ ಹೋಗಿ. ಹಿಂದಿನ ದಿನದ ಸಂಜೆಯ ಬಲಿಪೂಜೆ ಭಾನುವಾರದ ಕರ್ತವ್ಯವನ್ನು ಪೂರೈಸುತ್ತದೆ ಎಂದು 1248ನೆಯ ನಿಯಮವೇ ಹೇಳುತ್ತದೆ.

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿ ನಸುಕಿನ ಕತ್ತಲಲ್ಲಿ ಓಟ ಆರಂಭವಾದಾಗ ಹವೆ ತಂಪಾಗಿರುತ್ತದೆ, ಸುತ್ತಲಿನವರೆಲ್ಲ ಜೋರಾಗಿ ಓಡುತ್ತಾರೆ. ಮೊದಲ 10 ಕಿಲೋಮೀಟರನ್ನು ಗುರಿಯ ವೇಗಕ್ಕಿಂತ ಕಿಲೋಮೀಟರಿಗೆ 10ರಿಂದ 15 ಸೆಕೆಂಡ್ ನಿಧಾನವಾಗಿಯೇ ಓಡಿ. ಬಿಸಿಲೇರಿದ ಮೇಲೆ, 30ನೆಯ ಕಿಲೋಮೀಟರಿನ ನಂತರ, ಈ ಉಳಿತಾಯವೇ ಕೈಹಿಡಿಯುತ್ತದೆ. ಕಿಲೋಮೀಟರುಗಳನ್ನು ಮನೆಗಳಿಗೆ ಹಂಚಿದ ಪಟ್ಟಿಯನ್ನು ಚಿಕ್ಕ ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಿ. 35ನೆಯದು ಯಾರ ಮನೆಯದೆಂದು ನೋಡಿ ಆ ಮನೆಯವರಿಗಾಗಿ ಒಂದು ಪ್ರಾರ್ಥನೆ ಹೇಳುತ್ತ ಓಡುವುದು, ಮುಂದಿರುವ ಏಳು ಕಿಲೋಮೀಟರನ್ನು ಒಟ್ಟಿಗೆ ನೆನೆಯುವುದಕ್ಕಿಂತ ಹಗುರ. ನಿಲ್ಲಬೇಕಾಗಿ ಬಂದರೆ ನಿಲ್ಲಿ. ಹಣ ಆಗಲೇ ಸೇರಿರುತ್ತದೆ.

ಊರಿಗೆ ಮರಳಿದ ಮೇಲೆ ಎರಡು ವಾರ ಓಡದೆ, ಬರೀ ನಡೆಯಿರಿ. ಆ ಎರಡು ವಾರಗಳನ್ನು ಲೆಕ್ಕಕ್ಕೆ ಬಳಸಿಕೊಳ್ಳಬಹುದು. ಬಾಕಿ ಬಂದ ಹಣ ಜಮೆ ಮಾಡಿ, ರಸೀದಿಗಳನ್ನು ಬ್ಯಾಂಕಿನ ವಿವರದೊಂದಿಗೆ ತಾಳೆ ನೋಡಿ, ಹಣಕಾಸು ಸಮಿತಿಯ ಸಹಿ ಪಡೆದ ಒಂದು ಪುಟದ ಲೆಕ್ಕವನ್ನು ತಯಾರಿಸಿ. ಬಂದದ್ದೆಷ್ಟು, ಈಗಾಗಲೇ ಕೊಟ್ಟದ್ದೆಷ್ಟು, ಉಳಿದದ್ದು ಯಾವ ತಿಂಗಳು ಯಾವ ಬಾಬ್ತಿಗೆ ಹೋಗುತ್ತದೆ ಎಂಬುದಿಷ್ಟೇ ಅದರಲ್ಲಿರಲಿ. ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರ ಫೆಬ್ರವರಿ 4ಕ್ಕಿಂತ ಮೊದಲು ಬರುವುದಿಲ್ಲವಾದ್ದರಿಂದ ನಿಮಗೆ ಎರಡು ವಾರವಾದರೂ ಸಿಗುತ್ತದೆ. ತಪಸ್ಸುಕಾಲ ಆರಂಭವಾಗುವ ಮೊದಲು ಆ ಪುಟ ಇಗರ್ಜಿಯ ಸೂಚನಾ ಫಲಕದ ಮೇಲೆ ಇರಬೇಕು, ನೋಟ್‌ಪುಸ್ತಕ ಕಚೇರಿಯ ಕಪಾಟಿಗೆ ಸೇರಬೇಕು.